ಗಾಂಜಾ ಕಾನೂನು ತಿದ್ದಬೇಕು ಸರಿ, ಆದರೆ ಯಾವ ಕಲಮನ್ನು?

ತಕ್ಕಡಿ:
"ಗಾಂಜಾ ಮುಕ್ತವಾಗಲಿ" ಎಂಬ ಕೂಗೂ "ಮಕ್ಕಳು ಹಾಳಾಗುತ್ತಾರೆ" ಎಂಬ ಮರುಕೂಗೂ ಸಾಕಷ್ಟು ಆಗಿವೆ. 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯನ್ನು ಎದುರಿಗಿಟ್ಟುಕೊಂಡು ಹೇಳುವವರು ಬೇಕು. ಸೇದುವವನು ಜೈಲಿಗೆ ಹೋಗಬಾರದು, ಮಾರುವವನು ತಪ್ಪಿಸಿಕೊಳ್ಳಬಾರದು ಅಂದರೆ ಎಲ್ಲಿ ಕೈ ಹಾಕಬೇಕು? ಕಲಂ 27 ಕಿತ್ತರೆ ಸಾಕೇ? ಎಲೆ ಅರೆದ ಭಂಗಿಗೆ ವಿನಾಯಿತಿ, ಗಾಂಜಾಕ್ಕೆ ಶಿಕ್ಷೆ. ಒಂದೇ ಗಿಡದಲ್ಲಿ ಈ ಗೆರೆ ಎಲ್ಲಿಂದ ಬಂತು?

ಕಲಂಕಾರ:
27 ಒಂದನ್ನೇ ಕಿತ್ತರೆ ಏನೂ ಬದಲಾಗುವುದಿಲ್ಲ. ಆ ಕಲಂ ಇರುವುದು ಸೇವನೆಗೆ ಮಾತ್ರ: ಗಾಂಜಾ ಸೇದಿದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಆದರೆ ಸೇದಬೇಕಾದರೆ ಮೊದಲು ಕೈಯಲ್ಲಿ ಇರಬೇಕಲ್ಲ. ಜೇಬಿನಲ್ಲಿ 5 ಗ್ರಾಂ ಸಿಕ್ಕರೆ ಅದು ಕಲಂ 20ರ 'ಅಲ್ಪ ಪ್ರಮಾಣ', ಅದಕ್ಕೆ 1 ವರ್ಷದವರೆಗೆ ಶಿಕ್ಷೆ. ಸೇದಿ ಮುಗಿಸಿದವನಿಗಿಂತ ಇನ್ನೂ ಸೇದದವನಿಗೇ ಹೆಚ್ಚು! ಹಳೆಯ 27ರಲ್ಲಿ ಸ್ವಂತ ಬಳಕೆಗೆ ಇಟ್ಟುಕೊಳ್ಳುವುದೂ ಸೇರಿತ್ತು. 2001ರ ತಿದ್ದುಪಡಿ ಅದನ್ನು ಕಳಚಿತು. ಹಾಗಾಗಿ ಮೊದಲ ಕೆಲಸ, ಸ್ವಂತ ಬಳಕೆಯ ಸೇವನೆ, ಖರೀದಿ, ಹೊಂದಿರುವಿಕೆ ಮೂರನ್ನೂ ಒಂದೇ ಕಲಮಿಗೆ ತಂದು, ಅದನ್ನು ಅಪರಾಧದ ಪಟ್ಟಿಯಿಂದ ಹೊರಗಿಡುವುದು. ಬಿಡಿಬಿಡಿಯಾಗಿ ತಿದ್ದಿದರೆ ಠಾಣೆಯಲ್ಲಿ ಒಂದು ಕಲಂ ಬಿಟ್ಟು ಇನ್ನೊಂದನ್ನು ಬರೆಯುತ್ತಾರೆ, ಅಷ್ಟೇ.

ಎರಡನೆಯದು 64ಎ. ಚಿಕಿತ್ಸೆಗೆ ಒಪ್ಪಿದವನ ಮೇಲೆ ಮೊಕದ್ದಮೆ ಬೇಡ ಎನ್ನುವ ಒಳ್ಳೆಯ ಕಲಂ ಇದು. ತೊಡಕು ಏನೆಂದರೆ ಇದು 'ವ್ಯಸನಿ'ಗೆ ಮಾತ್ರ. ಅಪರೂಪಕ್ಕೆ ಸೇದುವವನು ಪಾರಾಗಬೇಕಾದರೆ ತಾನು ವ್ಯಸನಿ ಎಂದು ಒಪ್ಪಿಕೊಳ್ಳಬೇಕು, ಬೇಡದ ಚಿಕಿತ್ಸೆಗೆ ಹಾಸಿಗೆ ಹಿಡಿಯಬೇಕು. ನಡುವೆ ಬಿಟ್ಟುಬಂದರೆ ರಕ್ಷಣೆಯನ್ನು ಹಿಂತೆಗೆಯಬಹುದು.

ಭಂಗಿಯ ಗೆರೆ 1961ರ ವಿಶ್ವಸಂಸ್ಥೆ ಒಡಂಬಡಿಕೆಯದು. ಹೂವು ಅಥವಾ ಕಾಯಿ ಬಿಟ್ಟ ತುದಿ ಗಾಂಜಾ, ಅಂಟು ಚರಸ್. ತುದಿಯಿಲ್ಲದ ಎಲೆ, ಬೀಜ ಎರಡೂ ಅಲ್ಲ. ನಮ್ಮ ಕಲಂ 2 ಅದನ್ನೇ ಎತ್ತಿಕೊಂಡಿದೆ. ಚರಸ್, ಗಾಂಜಾ ಬೆರೆತ ಪುರಾವೆಯಿಲ್ಲದ ಭಂಗಿ ಈ ಕಾಯ್ದೆಯಡಿ ಬರುವುದಿಲ್ಲ ಎಂಬ ನೆಲೆಯಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಕೊಟ್ಟಿದೆ. ಆದರೆ ರಾಜ್ಯಗಳ ಅಬಕಾರಿ ನಿಯಮ ಬೇರೆ. ಅಲ್ಲಿ ಪರವಾನಗಿ ಬೇಕಾಗಬಹುದು.

ಮಹಜರು:
ಕಲಂಗಳ ಚರ್ಚೆಯಲ್ಲಿ ತೂಕ ಮರೆತುಹೋಗುತ್ತಿದೆ. ಗಾಂಜಾಕ್ಕೆ 1 ಕೆಜಿವರೆಗೆ ಅಲ್ಪ, 20 ಕೆಜಿ ಮೀರಿದರೆ ವಾಣಿಜ್ಯ. ಚರಸ್‌ಗೆ 100 ಗ್ರಾಂ, 1 ಕೆಜಿ. ವಾಣಿಜ್ಯ ಅಂದ ಕೂಡಲೇ ಕನಿಷ್ಠ 10 ವರ್ಷ, ಮೇಲೆ ಕಲಂ 37: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣ ಸಿಗುವವರೆಗೆ ಜಾಮೀನಿಲ್ಲ. ದೋಷಾರೋಪ ಪಟ್ಟಿಗೆ 180 ದಿನ, ಅದನ್ನೂ ಒಂದು ವರ್ಷದವರೆಗೆ ಎಳೆಯಬಹುದು.

ಈಗ ಚೀಲದಲ್ಲಿ ಏನಿದೆ ನೋಡಿ. ಕಾಂಡ, ಎಲೆ, ಬೀಜ, ಹಸಿಯಾಗಿದ್ದರೆ ನೀರಿನ ತೇವ, ಎಲ್ಲ ಸೇರಿಸಿ 22 ಕೆಜಿ ಎಂದು ಮಹಜರಿನಲ್ಲಿ ಬರೆದರೆ ವಾಣಿಜ್ಯ. ಹೂತುದಿಯನ್ನಷ್ಟೇ ಬಿಡಿಸಿ ತೂಗಿದ್ದರೆ ಅದೇ ಮಾಲು 20ರ ಕೆಳಗೆ ಬರುತ್ತಿತ್ತೇನೋ. ಜಾಮೀನು ಅರ್ಜಿಗಳಲ್ಲಿ ಮತ್ತೆ ಮತ್ತೆ ಏಳುವ ವಾದ ಇದೇ. ಮ್ಯಾಜಿಸ್ಟ್ರೇಟ್ ಮುಂದೆ ಪಟ್ಟಿ ಮಾಡಿ ಮಾದರಿ ತೆಗೆಯಬೇಕೆಂದು 52ಎ ಹೇಳುತ್ತದೆ. ಸ್ಥಳದಲ್ಲೇ ಮಾದರಿ ತೆಗೆದು ಅರಗು ಹಚ್ಚಿದರೆ ವಿಚಾರಣೆಯಲ್ಲಿ ಅಲ್ಲೇ ಬಿರುಕು ಬಿಡಬಹುದು. ಸುಧಾರಣೆ ಎಂದರೆ ನನ್ನ ಪ್ರಕಾರ ಮೊದಲು 'ತುದಿ ಬೇರ್ಪಡಿಸಿ, ಒಣಗಿಸಿ ತೂಗಬೇಕು' ಎಂಬ ಒಂದು ಸಾಲಿನ ನಿಯಮ.

ಬೆರಕೆ ಮಾಲಿನ ಕಥೆ ಇನ್ನೂ ಕೆಟ್ಟದ್ದು. ಸುಪ್ರೀಂ ಕೋರ್ಟಿನ 2020ರ ಹೀರಾ ಸಿಂಗ್ ತೀರ್ಪಿನ ಪ್ರಕಾರ ಶುದ್ಧ ಅಂಶವಲ್ಲ, ಬೆರಕೆಯ ಒಟ್ಟು ತೂಕವೇ ಲೆಕ್ಕ. ಹೆರಾಯಿನ್ನಿನ ವಾಣಿಜ್ಯ ಮಿತಿ 250 ಗ್ರಾಂ. 4 ಗ್ರಾಂ ಹೆರಾಯಿನ್‌ಗೆ 300 ಗ್ರಾಂ ಪುಡಿ ಬೆರೆಸಿದವನು ವಾಣಿಜ್ಯದವನು, ಶುದ್ಧ 200 ಗ್ರಾಂ ಇಟ್ಟವನು ಅಲ್ಲ!

ಇನ್ನು, ಈ ಮಿತಿಗಳು ಇರುವುದು 2001ರ ಕೇಂದ್ರ ಅಧಿಸೂಚನೆಯಲ್ಲಿ. ಬದಲಿಸಲು ಸಂಸತ್ತಿನ ಬಾಗಿಲು ತಟ್ಟಬೇಕಿಲ್ಲ, ಗೆಜೆಟ್ ಸಾಕು.

ಹೊಂಗೆನೆರಳು:
ಮಿತಿ ಬದಲಿಸುವಾಗ ಎಚ್ಚರ. ಮೆಕ್ಸಿಕೊ 2009ರಲ್ಲಿ ಸ್ವಂತ ಬಳಕೆಯ ಗಾಂಜಾ ಮಿತಿಯನ್ನು 5 ಗ್ರಾಂಗೆ ಇಟ್ಟಿತು. ಇಂಥ ಸಣ್ಣ ಮಿತಿಯಲ್ಲಿ 6 ಗ್ರಾಂ ಇದ್ದವನೂ ಮಾರಾಟಗಾರನ ಸಾಲಿಗೆ ಜಾರುತ್ತಾನೆ. ಪೋರ್ಚುಗಲ್ 2001ರಲ್ಲಿ 10 ದಿನದ ಬಳಕೆ ಎಂದು ಲೆಕ್ಕ ಹಾಕಿ ಗಾಂಜಾಕ್ಕೆ 25 ಗ್ರಾಂ, ಚರಸ್‌ಗೆ 5 ಗ್ರಾಂ ಎಂದಿತು. ಸಿಕ್ಕಿಬಿದ್ದವನು ಕೋರ್ಟಿಗಲ್ಲ, ಮೂವರ ಸಮಿತಿಯ ಮುಂದೆ ಹೋಗುತ್ತಾನೆ. ನಮ್ಮ 1 ಕೆಜಿ ಉದಾರವಾಗಿ ಕಾಣುತ್ತದೆ, ಆದರೆ ಅದರೊಳಗೂ ಜೈಲೇ ಇರುವುದರಿಂದ ಆ ಉದಾರತೆಗೆ ಬೆಲೆಯಿಲ್ಲ.

ಸೇವನೆ ಸಾಬೀತಿಗೆ ಮಾಡುವ ಮೂತ್ರ ಪರೀಕ್ಷೆಯ ಮಾತೂ ಬರಲಿ. ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ನಿತ್ಯ ಸೇದುವವನ ಮೂತ್ರದಲ್ಲಿ ಅದರ ಶೇಷ ವಾರಗಟ್ಟಲೆ ಇರುತ್ತದೆ. ವರದಿ ಪಾಸಿಟಿವ್ ಬಂದರೆ 'ಯಾವಾಗಲೋ ಸೇವಿಸಿದ್ದ' ಎಂದಷ್ಟೇ ಅರ್ಥ. ಎಲ್ಲಿ, ಎಂದು, ಈಗ ಅಮಲಿದೆಯೇ, ಯಾವುದನ್ನೂ ಅದು ಹೇಳದು. ಭಂಗಿ ಕುಡಿದರೂ ಅದೇ ವರದಿ ಬರುತ್ತದೆ ಎಂಬುದು ಇನ್ನೊಂದು ತಮಾಷೆ.

ತಕ್ಕಡಿ:
ರಾಜ್ಯ ಸರ್ಕಾರ ತಾನಾಗಿ ಏನಾದರೂ ಮಾಡಬಹುದೇ? ಒಡಂಬಡಿಕೆಗಳು ಕೈ ಕಟ್ಟುವುದಿಲ್ಲವೇ?

ಕಲಂಕಾರ:
ಒಡಂಬಡಿಕೆ ನೆಪ ಮಾತ್ರ. 1988ರ ವಿಶ್ವಸಂಸ್ಥೆ ಒಡಂಬಡಿಕೆ ಸ್ವಂತ ಬಳಕೆಗೆ ಇಟ್ಟುಕೊಳ್ಳುವುದನ್ನು ಅಪರಾಧ ಎನ್ನಿ ಎನ್ನುತ್ತದೆ ನಿಜ, ಆದರೆ ಶಿಕ್ಷೆಯ ಬದಲು ಚಿಕಿತ್ಸೆ, ತಿಳಿವಳಿಕೆ ಕೊಡಲೂ ಒಪ್ಪುತ್ತದೆ. ಗಾಂಜಾವನ್ನು 1961ರ ಅತಿ ಕಠಿಣ ನಾಲ್ಕನೇ ಪಟ್ಟಿಯಿಂದ ತೆಗೆಯಲು 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗದಲ್ಲಿ ಮತ ಹಾಕಿದಾಗ 27-25ರ ಗೆಲುವಿನ ಪಾಳಯದಲ್ಲಿ ಭಾರತವೂ ಇತ್ತು.

ರಾಜ್ಯಕ್ಕೆ ಕಲಂ 10 ಇದೆ. ಚರಸ್ ಬಿಟ್ಟು ಗಾಂಜಾದ ಬೆಳೆ, ಸಾಗಣೆ, ಮಾರಾಟಕ್ಕೆ ನಿಯಮ ಮಾಡಬಹುದು, ಆದರೆ ಔಷಧ ಮತ್ತು ವೈಜ್ಞಾನಿಕ ಉದ್ದೇಶದ ಬೇಲಿಯೊಳಗೆ. ನಾರು, ಬೀಜಕ್ಕೆ ಕಲಂ 14. ಉತ್ತರಾಖಂಡ 2018ರಿಂದ ಪರವಾನಗಿ ಕೊಡುತ್ತಿದೆ, ಟಿಎಚ್‌ಸಿ 0.3% ಮೀರಬಾರದು. ಶಿಕ್ಷೆಯನ್ನೇ ತಗ್ಗಿಸಬೇಕಾದರೆ ರಾಜ್ಯದ ತಿದ್ದುಪಡಿಗೆ ರಾಷ್ಟ್ರಪತಿಯ ಅಂಕಿತ ಬೇಕು.

ಮಹಜರು:
ಒಂದು ಸೇರ್ಪಡೆ: ಗಿಡ ಬೆಳೆಸಿದರೆ 20(ಎ). ಅಲ್ಲಿ ತೂಕದ ಮೆಟ್ಟಿಲೇ ಇಲ್ಲ. ಹಿತ್ತಲಲ್ಲಿ ಒಂದು ಗಿಡವಿದ್ದರೂ 10 ವರ್ಷದವರೆಗೆ ಶಿಕ್ಷೆ, ಒಂದು ಎಕರೆ ಬೆಳೆದರೂ ಅದೇ ಕಲಂ. ತಿದ್ದುಪಡಿಯ ಕರಡು ಬರೆಯುವವರು ಗಿಡಗಳ ಎಣಿಕೆಯನ್ನು ಇಲ್ಲಿ ತರಲೇಬೇಕು. ಜರ್ಮನಿ 2024ರಲ್ಲಿ ವಯಸ್ಕನೊಬ್ಬನಿಗೆ 3 ಗಿಡ ಎಂದು ಬರೆದುಬಿಟ್ಟಿತು.