ಅಪ್‌ಡೇಟ್: ಮ್ಯೂಸಿಕ್ ಪ್ಲೇಯರ್ ಮತ್ತು ಕ್ಲಾಕ್ ರೇಡಿಯೊ ಡಾಕ್ ಕೊನೆಗೂ ಹೊಂದಿಕೊಂಡವು

ಜೇಬಿನಲ್ಲಿ ಹಿಡಿಯುವ ಮ್ಯೂಸಿಕ್ ಪ್ಲೇಯರನ್ನೂ, ರಾತ್ರಿ ಅದನ್ನು ಚಾರ್ಜ್ ಮಾಡಿ ಬೆಳಗ್ಗೆ ಅದರದೇ ಹಾಡಿನಿಂದ ಎಬ್ಬಿಸುವ ಕ್ಲಾಕ್ ರೇಡಿಯೊ ಡಾಕನ್ನೂ ಜೊತೆಯಾಗಿ ಕೊಳ್ಳುವಾಗ ಏನನ್ನು ಗಮನಿಸಬೇಕೆಂದು ನಾನು ಕೇಳಿದ್ದೆ. ಮೊದಲು ಕನೆಕ್ಟರ್ ನೋಡಿ ಎಂದು ತಿಳಿಸಿದವರಿಗೆ ಮನಃಪೂರ್ವಕ ಕೃತಜ್ಞತೆಗಳು.

ಐಪಾಡ್‌ಗಳಲ್ಲಿ 2003ರಿಂದ ಬಳಕೆಯಲ್ಲಿದ್ದ ಅಗಲವಾದ 30 ಪಿನ್ ಕನೆಕ್ಟರ್‌ನ ಜಾಗಕ್ಕೆ 2012ರಲ್ಲಿ ಲೈಟ್ನಿಂಗ್ ಎಂಬ ಚಿಕ್ಕ ಕನೆಕ್ಟರ್ ಬಂದುದರಿಂದ, ಹಳೆಯ ಡಾಕ್‌ಗಳಿಗೆ ಹೊಸ ಸಾಧನಗಳು ನೇರವಾಗಿ ಕೂರುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು 30 ಪಿನ್‌ನ ನಾಲ್ಕನೇ ತಲೆಮಾರಿನ ಐಪಾಡ್ ನ್ಯಾನೊ ಮತ್ತು ಅದೇ ಕನೆಕ್ಟರ್‌ನ ಡಾಕ್, ಎರಡನ್ನೂ ಬಳಸಿದವುಗಳಲ್ಲೇ ಕೊಂಡೆ. ಹಾಡು ಸೊಗಸಾಗಿ ಕೇಳಿಸಿತಾದರೂ ಬೆಳಗ್ಗೆ ನೋಡಿದರೆ ಬ್ಯಾಟರಿ ಒಂದಿಷ್ಟೂ ಏರಿರಲಿಲ್ಲ. ಕೆಲವು ಹಳೆಯ ಡಾಕ್‌ಗಳು ಫೈರ್‌ವೈರ್ ಎಂಬ ಹಳೆಯ ಬಗೆಯ ಕೇಬಲ್ ಸಂಪರ್ಕಕ್ಕೆ ಮೀಸಲಾದ ಪಿನ್‌ಗಳ ಮೂಲಕ 12 ವೋಲ್ಟ್ ಕೊಡುತ್ತವೆ. 2008ರ ಈ ನ್ಯಾನೊ ಯುಎಸ್‌ಬಿಯ 5 ವೋಲ್ಟ್ ಮಾತ್ರ ಸ್ವೀಕರಿಸುತ್ತದೆ. ಕನೆಕ್ಟರ್‌ನ ಆಕಾರ ಒಂದೇ ಆಗಿದ್ದರೆ ಸಾಲದೆಂಬುದು ನನಗೆ ಆಗಲೇ ಅರಿವಾದದ್ದು.

ಮಾರಿದವರು ಡಾಕನ್ನು ತಕರಾರಿಲ್ಲದೆ ಬದಲಾಯಿಸಿಕೊಟ್ಟರು. ಈಗಿನದರಲ್ಲಿ ನ್ಯಾನೊಗೆಂದೇ ಇರುವ ಪ್ಲಾಸ್ಟಿಕ್ ಅಚ್ಚನ್ನು ಮೊದಲು ಕೂರಿಸಿ, ಪ್ಲೇಯರನ್ನು ನೆಟ್ಟಗೆ ಇಳಿಸಿದರೆ ಮೆಲ್ಲನೆ ಟಕ್ಕೆಂದು ಕೂರುತ್ತದೆ, ಪರದೆಯ ಮೂಲೆಯಲ್ಲಿ ಚಾರ್ಜಿಂಗ್ ಚಿಹ್ನೆ ಮೂಡುತ್ತದೆ. ಕರೆಂಟ್ ಹೋದಾಗ ಗಡಿಯಾರದ ಸಮಯ ಅಳಿಯದಂತೆ ಕೆಳಗೆ ಬ್ಯಾಟರಿಯ ಗೂಡೂ ಇದೆ. ನಾನು ಮೂರು ಬೆಳಗುಗಳಿಂದ ಅದರ ಅಲಾರಂಗೇ ಏಳುತ್ತಿದ್ದೇನೆ.