ಸಹಾಯ ಬೇಕು: ಹದಿನೇಳರ ಹುಡುಗಿಯ ಪ್ರೀತಿಗೆ ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು. ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು ಸಹಪಾಠಿಯೊಬ್ಬನನ್ನು ಪ್ರೀತಿಸುತ್ತಿದ್ದಾಳೆ. ವಿಷಯ ತಿಳಿದು ಮನೆಯಲ್ಲಿ ರಾದ್ಧಾಂತವಾಗಿದೆ. ಮೊಬೈಲ್ ಕಿತ್ತುಕೊಂಡಿದ್ದಾರೆ; ಪರೀಕ್ಷೆ ಮುಗಿದೊಡನೆ ಗಂಡು ನೋಡುವ ಮಾತೂ ಎದ್ದಿತ್ತು. 18 ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧವೆಂದು ಭಾವನಿಗೆ ಖಡಾಖಂಡಿತವಾಗಿ ಹೇಳಿದ ಮೇಲೆ ಅದು ತಣ್ಣಗಾಗಿದೆ.

ನನ್ನ ಚಿಂತೆ ಹುಡುಗಿಯದು. "ಚಿಕ್ಕಮ್ಮ, ಇದು ಪ್ರೀತಿಯೋ ಬರೀ ಆಕರ್ಷಣೆಯೋ, ನೀನೇ ಹೇಳು" ಎಂದು ಕೇಳುತ್ತಾಳೆ. ಅವಳು ಜ್ವರದಿಂದ ಮಲಗಿದ್ದಾಗ ಆ ಹುಡುಗ ಲೆಕ್ಕಶಾಸ್ತ್ರದ ಪಾಠವನ್ನೆಲ್ಲ ಕೈಯಾರೆ ಬರೆದು, ಕಷ್ಟದ ಲೆಕ್ಕಗಳ ಪಕ್ಕದಲ್ಲಿ ಪೆನ್ಸಿಲಿನಿಂದ ವಿವರಣೆ ಸೇರಿಸಿ ಕಳುಹಿಸಿದ್ದ. ಆ ಪುಸ್ತಕವನ್ನು ನಾನೇ ನೋಡಿದೆ. ಎಲ್ಲಿಯೂ ಒಂದು ಹೃದಯದ ಚಿತ್ರವಿಲ್ಲ, ಬರೀ ಅಚ್ಚುಕಟ್ಟಾದ ಅಕ್ಷರ. ಅದನ್ನು ವಯಸ್ಸಿನ ಹುಚ್ಚು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಇನ್ನೊಬ್ಬರ ಕಷ್ಟವನ್ನು ಹೇಳಿಸಿಕೊಳ್ಳದೆ ಅರಿಯುವುದು ದೊಡ್ಡವರಲ್ಲೂ ಅಪರೂಪ. ಹಾಗೆಂದು ಕಣ್ಣು ಮುಚ್ಚಿಕೊಂಡಿರಲೂ ಆಗದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ, ದೈಹಿಕ ಸಂಬಂಧಕ್ಕೆ 18ರೊಳಗಿನವರು ಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ; ಒಂದು ದುಡುಕು ಹುಡುಗನ ಬದುಕನ್ನೇ ಕೆಡಿಸಬಹುದು. ಇದನ್ನು ಇಬ್ಬರಿಗೂ ಹೆದರಿಸದೆ ತಿಳಿಸುವುದು ಹೇಗೆ?

ಮಂಡ್ಯ ಅಥವಾ ಮೈಸೂರಿನಲ್ಲಿ ಹದಿಹರೆಯದವರ ಮಾತನ್ನು ತಾಳ್ಮೆಯಿಂದ ಕೇಳುವ ಆಪ್ತಸಮಾಲೋಚಕರು, ಮಹಿಳೆಯಾದರೆ ಒಳ್ಳೆಯದು, ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಮಕ್ಕಳಿಂದ ಕರೆ ಮಾಡಿಸಿದವರಿದ್ದರೆ ನಿಮ್ಮ ಅನುಭವ ಬರೆಯಿರಿ. ಅಕ್ಕ, ಭಾವನನ್ನು ಸಮಾಧಾನಪಡಿಸುವ ದಾರಿಯಿದ್ದರೆ ಅದನ್ನೂ ಹೇಳಿ. ಭಾನುವಾರ ಅವಳು ನಮ್ಮ ಮನೆಗೆ ಬರುತ್ತಾಳೆ. ಅಷ್ಟರೊಳಗೆ ಉತ್ತರಿಸಿದರೆ ದೊಡ್ಡ ಉಪಕಾರವಾಗುತ್ತದೆ.