ಎರಡಡಿ ಟ್ಯಾಂಕಿಗೆ ಯಾವ ಮೀನಿನ ಜೊತೆ ಯಾವುದು?

ಕೇಳಿದವರು, ಬೆಂಗಳೂರು:
ಮಗಳ ಹುಟ್ಟುಹಬ್ಬಕ್ಕೆ ಮೀನಿನ ಟ್ಯಾಂಕ್ ತಂದಿದ್ದೇವೆ. ಎರಡಡಿ ಉದ್ದ, ಅಗಲ ಎತ್ತರ ಒಂದೊಂದು ಅಡಿ. ಫಿಲ್ಟರ್ ಇದೆ, ಹೀಟರ್ ಇಲ್ಲ. ಅಂಗಡಿಯವರು ಒಂದು ಪಟ್ಟಿ ಕೊಟ್ಟಿದ್ದಾರೆ: ಗೋಲ್ಡ್‌ಫಿಶ್, ಏಂಜೆಲ್, ನಿಯಾನ್ ಟೆಟ್ರಾ, ಗಪ್ಪಿ ಒಂದೊಂದು ಜೋಡಿ, ಒಂದು ಫೈಟರ್, ಗಾಜು ಕ್ಲೀನ್ ಮಾಡಲು ಒಂದು ಸಕ್ಕರ್. ಇವೆಲ್ಲ ಒಟ್ಟಿಗೆ ಇರುತ್ತವಾ? ಸಾಕಿದವರು ಹೇಳಿ.

ಮೈಸೂರಿನಿಂದ:
ಮೊದಲು ಆ ಪಟ್ಟಿ ಹರಿದು ಹಾಕಿ. ನಿಮ್ಮ ಟ್ಯಾಂಕ್ ತುಂಬಿದರೆ 56 ಲೀಟರ್. ಮರಳು, ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ಸಿಗುವುದು 45ರ ಆಸುಪಾಸು. ಗೋಲ್ಡ್‌ಫಿಶ್ ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುತ್ತದೆ, ಚೆನ್ನಾಗಿ ಸಾಕಿದರೆ ಗೇಣುದ್ದ ಬೆಳೆಯುತ್ತದೆ. ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ. ಮೇಲಾಗಿ ಅದು ತಂಪು ನೀರಿನ ಮೀನು, 20 ಡಿಗ್ರಿ ಇದ್ದರೆ ಖುಷಿ. ಏಂಜೆಲ್‌ಗೆ 25, 26 ಬೇಕು. ಯಾರಿಗೆ ಹೊಂದಿಸುತ್ತೀರಿ?

ಸಕ್ಕರ್ ಅಂತೂ ಬೇಡವೇ ಬೇಡ. ಅಡಿ ದಾಟಿ ಬೆಳೆಯುತ್ತದೆ. ಪಾಚಿ ತಿನ್ನುವುದು ಮರಿಯಾಗಿದ್ದಾಗ ಮಾತ್ರ. ದೊಡ್ಡದಾದ ಮೇಲೆ ಬೇರೆ ಮೀನಿನ ಮೈಗೆ ಅಂಟಿಕೊಂಡು ಲೋಳೆ ಹೀರುವುದೂ ಉಂಟು. ಜಾಗ ಸಾಲದೆ ಜನ ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ದಕ್ಷಿಣ ಅಮೆರಿಕದ ಮೀನು ಅದು, ಈಗ ನಮ್ಮ ಕಡೆಯ ಕೆರೆ ಹೊಳೆಗಳಲ್ಲಿ ಮೀನುಗಾರರ ಬಲೆ ಹಾಳು ಮಾಡುತ್ತಿದೆ. ಗಾಜು ಒರೆಸಲು ಒಂದು ಸ್ಪಂಜು ಸಾಕು.

ಮಂಗಳೂರಿನಿಂದ:
ಏಂಜೆಲ್ ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಊಟ. ಮರಿಯಿದ್ದಾಗ ನಿಯಾನ್ ಜೊತೆ ಪಾಪದ ಹಾಗೆ ಇರುತ್ತದೆ. ಆಮೇಲೆ ರಾತ್ರಿಗೊಂದು ನಿಯಾನ್ ಕಾಣೆ! ಫೈಟರ್ ಕಥೆ ಬೇರೆ. ಎರಡು ಗಂಡು ಹಾಕಬಾರದು ಎಂದು ಎಲ್ಲರಿಗೂ ಗೊತ್ತು. ಆದರೆ ಬಣ್ಣದ ದೊಡ್ಡ ಬಾಲದ ಗಂಡು ಗಪ್ಪಿಯನ್ನು ಕಂಡರೂ ಅದಕ್ಕೆ ಇನ್ನೊಂದು ಫೈಟರ್ ಕಂಡಂತಾಗುತ್ತದೆ. ಟೈಗರ್ ಬಾರ್ಬ್ ಜೊತೆ ಹಾಕಿದರೆ ಉಲ್ಟಾ, ಫೈಟರ್ ಬಾಲವನ್ನೇ ಅವು ಕಿತ್ತು ತಿನ್ನುತ್ತವೆ. ಫೈಟರ್ ಬೇಕೆಂದರೆ ಅದಕ್ಕೇ ಒಂದು ಚಿಕ್ಕ ಟ್ಯಾಂಕ್ ಇಡಿ.

ಬೆಂಗಳೂರಿನಿಂದಲೇ ಇನ್ನೊಬ್ಬರು:
ಎಲ್ಲರೂ ಜಗಳದ ಬಗ್ಗೆಯೇ ಹೇಳಿದಿರಿ, ನೀರು ಯಾವುದು ಅಂತ ಯಾರೂ ಕೇಳಲಿಲ್ಲ ಅಲ್ವಾ? ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಇದೇ ಊರಲ್ಲಿ ಒಂದು ಮನೆಗೆ ಕಾವೇರಿ ನೀರು, ಪಕ್ಕದ ಬೀದಿಗೆ ಬೋರ್‌ವೆಲ್. ಬಕೆಟ್, ನಲ್ಲಿ ಮೇಲೆ ಬಿಳಿ ಕಲೆ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು. ಗಪ್ಪಿ, ಪ್ಲ್ಯಾಟಿ, ಮೋಲಿ ಅದರಲ್ಲೇ ಚೆನ್ನಾಗಿರುತ್ತವೆ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯ ಮೆದು ನೀರಿನ ಮೀನು, ಬೋರ್‌ವೆಲ್ ನೀರಿನಲ್ಲಿ ಸುಮ್ನೆ ಸೊರಗುತ್ತದೆ. ಕಾವೇರಿ ನೀರಿದ್ದರೆ ಟೆಟ್ರಾ, ರಾಸ್ಬೋರಾ, ಕೋರಿಡೋರಾಸ್ ನೋಡಬಹುದು. ಹಾಗಂತ ಬರೀ ಆರ್‌ಒ ನೀರು ತುಂಬಿಸಬೇಡಿ, ಮೀನಿಗೆ ಬೇಕಾದ ಲವಣವೂ ಅದರಲ್ಲಿ ಇರುವುದಿಲ್ಲ. ಕಾವೇರಿ ನೀರಿಗೆ ಆಂಟಿ ಕ್ಲೋರಿನ್ ಹಾಕುವುದು ಮರೆಯಬಾರದು.

ಕೇಳಿದವರು:
ನಮ್ಮದು ಬೋರ್‌ವೆಲ್. ಬಕೆಟ್ ಎಲ್ಲ ಬೆಳ್ಳಗಾಗಿದೆ. ಹಾಗಾದರೆ ಗಪ್ಪಿ, ಪ್ಲ್ಯಾಟಿ, ಮೋಲಿ ಒಂದೊಂದು ಜೋಡಿ ತರಲಾ?

ಮೈಸೂರಿನಿಂದ:
ಈ ಜೋಡಿ ಲೆಕ್ಕ ಅಂಗಡಿಯವರದು. ಎಲ್ಲವೂ ಜೋಡಿಗೆ ಇಷ್ಟು ರೂಪಾಯಿ ಅಂತಲೇ ಮಾರುತ್ತಾರೆ, ನಾವೂ ಹಾಗೇ ತರುತ್ತೇವೆ. ಟೆಟ್ರಾ, ಬಾರ್ಬ್, ಡಾನಿಯೋ ಥರದವು ಎರಡೇ ಇದ್ದರೆ ಹೆದರಿ ಮೂಲೆ ಸೇರುತ್ತವೆ, ಇಲ್ಲವೇ ಬೇರೆಯವುಗಳ ಬಾಲ ಕಚ್ಚುತ್ತವೆ. ಕಡಿಮೆ ಅಂದರೂ ಆರು ಬೇಕು. ಗಪ್ಪಿ, ಪ್ಲ್ಯಾಟಿಯಲ್ಲಿ ಒಂದು ಗಂಡು ಒಂದು ಹೆಣ್ಣು ಹಾಕಿದರೆ ಗಂಡು ಅದರ ಬೆನ್ನು ಬಿಡುವುದೇ ಇಲ್ಲ. ಒಂದು ಗಂಡಿಗೆ ಎರಡು ಮೂರು ಹೆಣ್ಣಿರಲಿ. ಅಥವಾ ಬರೀ ಗಂಡು ತನ್ನಿ.

ನಾನು ಬರೀ ಗಂಡಿನ ಪಕ್ಷ. ಹೆಣ್ಣು ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಇದ್ದರೆ ಸಾಕು, ಆಮೇಲೆ ಗಂಡಿಲ್ಲದಿದ್ದರೂ ತಿಂಗಳುಗಟ್ಟಲೆ ಮರಿ ಬರುತ್ತಲೇ ಇರುತ್ತವೆ. ಮೊದಮೊದಲು ನೆಂಟರಿಷ್ಟರು ಕೇಳಿ ಒಯ್ಯುತ್ತಾರೆ, ಆಮೇಲೆ ನಿಮ್ಮನ್ನು ಕಂಡರೆ ಓಡುತ್ತಾರೆ. ಹೊಟ್ಟೆಯ ಕೆಳಗಿನ ಹಿಂಬದಿ ರೆಕ್ಕೆ ನೋಡಿ: ಕಡ್ಡಿಯಂತೆ ಚೂಪಾಗಿದ್ದರೆ ಗಂಡು, ಬೀಸಣಿಗೆಯಂತೆ ಅಗಲವಿದ್ದರೆ ಹೆಣ್ಣು. ಮಗಳಿಗೆ ಹೇಳಿಕೊಡಿ, ಅಂಗಡಿಯಲ್ಲಿ ಅವಳೇ ಆರಿಸಲಿ. ಮೋಲಿ ಸ್ವಲ್ಪ ದೊಡ್ಡದಾಗುತ್ತದೆ, ಈ ಟ್ಯಾಂಕಿಗೆ ಬೇಡ.

ಶಿರಸಿಯಿಂದ:
ಗಪ್ಪಿ ಜೊತೆಗೆ ಜೀಬ್ರಾ ಡಾನಿಯೋ ಹಾಕಿ. ನಮ್ಮ ದೇಶದ್ದೇ ಮೀನು, ಗಟ್ಟಿಮುಟ್ಟು. ಮಿಸ್ ಕೇರಳ ಕಂಡು ಮನಸೋಲಬೇಡಿ. ಪಶ್ಚಿಮ ಘಟ್ಟದ ಹರಿಯುವ ಹೊಳೆಯ ಮೀನದು, ಗುಂಪಿನಲ್ಲಿರಬೇಕು, ನಾಲ್ಕಡಿ ಟ್ಯಾಂಕಾದರೂ ಬೇಕು. ಕಾಡಿನಲ್ಲಿ ಅಳಿವಿನಂಚಿಗೆ ಬಂದಿದೆ ಬೇರೆ.

ಬೆಂಗಳೂರಿನಿಂದಲೇ ಇನ್ನೊಬ್ಬರು:
ಜೀಬ್ರಾ ಸರಿ, ಗಪ್ಪಿ ಜೊತೆ ನಾನು ಒಪ್ಪುವುದಿಲ್ಲ. ಜೀಬ್ರಾ ಇಡೀ ದಿನ ಓಡಾಡುತ್ತದೆ, ಉದ್ದ ಬಾಲ ಕಂಡರೆ ಕೆಣಕುತ್ತದೆ. ಪ್ಲ್ಯಾಟಿಗೆ ಆ ಕಾಟವಿಲ್ಲ, ಬಾಲ ಗಿಡ್ಡ. ಡಿಸೆಂಬರ್ ಚಳಿಯನ್ನು ಹೀಟರ್ ಇಲ್ಲದೆ ಇವೆರಡೂ ತಡೆಯುತ್ತವೆ. ಬಣ್ಣದ ಫ್ಯಾನ್ಸಿ ಗಪ್ಪಿ ಅಷ್ಟು ಗಟ್ಟಿ ಅಲ್ಲ. ಆರು ಜೀಬ್ರಾ, ನಾಲ್ಕೈದು ಗಂಡು ಪ್ಲ್ಯಾಟಿ. ಅಷ್ಟಕ್ಕೇ ನಿಲ್ಲಿಸಿ. ಮುಚ್ಚಳ ಇರಲಿ, ಜೀಬ್ರಾ ಹಾರುತ್ತದೆ.

ಶಿರಸಿಯಿಂದ:
ನಮ್ಮಲ್ಲಿ ಗಪ್ಪಿ ಜೊತೆ ಜಗಳ ಆಗಿಲ್ಲ. ಆದರೆ ಟ್ಯಾಂಕ್ ತುಂಬ ಗಿಡ ಇದೆ, ಅದೂ ಕಾರಣ ಇರಬಹುದು.

ಕೇಳಿದವರು:
ಪ್ಲ್ಯಾಟಿ, ಜೀಬ್ರಾ ಅಂತಲೇ ಇಟ್ಟುಕೊಳ್ಳುತ್ತೇವೆ. ಭಾನುವಾರ ಎಲ್ಲ ಒಟ್ಟಿಗೆ ತಂದುಬಿಡಲಾ?

ಮಂಗಳೂರಿನಿಂದ:
ಈ ಭಾನುವಾರ ಬೇಡ. ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತದೆ, ಅದು ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಈಗಲೇ ನೀರು ತುಂಬಿಸಿ, ಗಿಡ ಹಾಕಿ, ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸಿ; ಅದು ಕೊಳೆತು ಬರುವ ಅಮೋನಿಯಾವೇ ಆ ಬ್ಯಾಕ್ಟೀರಿಯಾಗೆ ಊಟ. ಪರಿಚಯದವರ ಬಳಿ ಹಳೆಯ, ರೋಗವಿಲ್ಲದ ಟ್ಯಾಂಕ್ ಇದ್ದರೆ ಅವರ ಫಿಲ್ಟರ್ ಸ್ಪಂಜಿನ ಒಂದು ತುಂಡು ತಂದು ನಿಮ್ಮ ಫಿಲ್ಟರಿಗೆ ಸೇರಿಸಿ, ಕೆಲಸ ಬೇಗ ಆಗುತ್ತದೆ. ಅಮೋನಿಯಾ ಟೆಸ್ಟ್ ಕಿಟ್ ಸೊನ್ನೆ ತೋರಿಸಿದ ಮೇಲೆ ಮೊದಲು ಜೀಬ್ರಾ ಬಿಡಿ, ಒಂದೆರಡು ವಾರ ಬಿಟ್ಟು ಪ್ಲ್ಯಾಟಿ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.